ಗೋಡೆಗೂ ಕಿವಿಯಿದ್ದ ಕಾಲದ ಸಿನಿಮಾ: ಅಪ್ಪನ ಜೊತೆ ಕೂತು ನೋಡಲು ಯಾವುದು?

ಪ್ರಶ್ನೆ: ಕಮ್ಯುನಿಸ್ಟ್ ದೇಶಗಳಲ್ಲಿ ಸರ್ಕಾರ ಜನರ ಮೇಲೆ ಕಣ್ಣಿಟ್ಟಿದ್ದ ಬಗ್ಗೆ ಒಂದು ಒಳ್ಳೆಯ ಸಿನಿಮಾ ಹೇಳಿ ಸರ್. ಗುಂಡು ಹಾರಿಸುವ, ಕಾರು ಓಡಿಸುವ ಗೂಢಚಾರರ ಸಿನಿಮಾ ಬೇಡ. ಸಾಮಾನ್ಯ ಜನ ಹೇಗೆ ಬದುಕಿದರು ಅನ್ನೋದು ಗೊತ್ತಾಗಬೇಕು. ಇನ್ನೊಂದು ವಿಷಯ. ನಮ್ಮ ಅಪ್ಪ ಬ್ಯಾಂಕ್ ನೌಕರರ ಸಂಘದಲ್ಲಿ ಓಡಾಡಿದವರು. ರಷ್ಯನ್ ಪುಸ್ತಕ ಓದಿ ಬೆಳೆದವರು. ಇಂಥ ಸಿನಿಮಾ ಹಾಕಿದರೆ ‘ಇದೆಲ್ಲ ಅಮೆರಿಕದವರ ಪ್ರಚಾರ’ ಅಂತ ಎದ್ದು ಹೋಗುತ್ತಾರೆ. ಅವರೂ ಕೂತು ನೋಡುವಂಥದ್ದು ಯಾವುದಾದರೂ ಇದೆಯಾ?
– ಓದುಗರೊಬ್ಬರು, ಮೈಸೂರು

ಉತ್ತರ: ಇದೆ. ‘ದಿ ಲೈವ್ಸ್ ಆಫ್ ಅದರ್ಸ್’. 2006ರ ಜರ್ಮನ್ ಚಿತ್ರ. ಮರುವರ್ಷ ಪರಭಾಷಾ ಚಿತ್ರಗಳ ಆಸ್ಕರ್ ಅದಕ್ಕೇ ಬಂತು. ನೀವು ಹೆಸರು ಕೇಳಿರಬಹುದು. ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ, ನಾನೂ ಇದನ್ನೇ ಹೇಳುತ್ತೇನೆ. ಆದರೆ ಒಂದು ಮಾತು ಸೇರಿಸುತ್ತೇನೆ. ಈ ಚಿತ್ರದಲ್ಲಿ ನಾಯಕನನ್ನು ಪೂರ್ತಿ ನಂಬಬೇಡಿ. ಎದುರು ಮನೆಯ ಹೆಂಗಸನ್ನು ನಂಬಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಥೆ ನಡೆಯುವುದು 1984ರಲ್ಲಿ, ಕಮ್ಯುನಿಸ್ಟ್ ಪೂರ್ವ ಜರ್ಮನಿಯ ರಾಜಧಾನಿ ಪೂರ್ವ ಬರ್ಲಿನ್‌ನಲ್ಲಿ. ಊರನ್ನು ಪೂರ್ವ, ಪಶ್ಚಿಮ ಎಂದು ಸೀಳಿದ್ದ ಬರ್ಲಿನ್ ಗೋಡೆ ಬೀಳಲು ಇನ್ನೂ ಐದು ವರ್ಷ ಇದೆ. ಗೆಯೋರ್ಗ್ ಡ್ರೈಮಾನ್ ಎಂಬ ನಾಟಕಕಾರ. ಸರ್ಕಾರಕ್ಕೂ ಬೇಕಾದವನು, ಪಶ್ಚಿಮದಲ್ಲೂ ಓದುಗರಿರುವವನು. ಅವನ ಗೆಳತಿ ಕ್ರಿಸ್ಟಾ-ಮರಿಯಾ ದೊಡ್ಡ ರಂಗನಟಿ. ಒಬ್ಬ ಮಂತ್ರಿಗೆ ಅವಳ ಮೇಲೆ ಕಣ್ಣು. ಡ್ರೈಮಾನ್ ದಾರಿಯಿಂದ ತೊಲಗಬೇಕಾದರೆ ಅವನ ಮೇಲೆ ಏನಾದರೂ ಸಿಗಬೇಕಲ್ಲ? ಅದಕ್ಕಾಗಿ ಅವನ ಮನೆಯ ಗೋಡೆಯೊಳಗೆ ಮೈಕ್ ಕೂರಿಸುತ್ತಾರೆ. ಅದೇ ಕಟ್ಟಡದ ಅಟ್ಟದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವವನು ಗೆರ್ಡ್ ವೀಸ್ಲರ್. ರಹಸ್ಯ ಪೊಲೀಸ್‌ನ ಕ್ಯಾಪ್ಟನ್. ಕೆಲಸದಲ್ಲಿ ಶಿಸ್ತು, ಪಕ್ಷದ ಮೇಲೆ ನಿಷ್ಠೆ, ಮನೆಯಲ್ಲಿ ಯಾರೂ ಇಲ್ಲ. ಕೇಳುತ್ತಾ ಕೇಳುತ್ತಾ ಅವನೊಳಗೆ ಏನೋ ಬದಲಾಗುತ್ತದೆ. ಕೇಳಿದ್ದನ್ನು ವರದಿಯಲ್ಲಿ ಬರೆಯದೆ ಬಿಡಲು ಶುರು ಮಾಡುತ್ತಾನೆ. ಕಥೆ ಇಷ್ಟು ಸಾಕು. ಕೊನೆಯನ್ನು ನಾನು ಹೇಳಿದರೆ ನಿಮಗೆ ಮೋಸ.

ನೋಡುವ ಮೊದಲು ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ವೀಸ್ಲರ್ ಕೆಲಸ ಮಾಡುವ ಇಲಾಖೆಯೇ ಸ್ಟಾಸಿ. ಪೂರ್ವ ಜರ್ಮನಿಯ ರಾಜ್ಯ ಭದ್ರತಾ ಸಚಿವಾಲಯ. 1950ರಲ್ಲಿ ಹುಟ್ಟಿತು. 1957ರಿಂದ 1989ರವರೆಗೆ, ಮೂವತ್ತೆರಡು ವರ್ಷ, ಒಬ್ಬನೇ ಮಂತ್ರಿ: ಎರಿಶ್ ಮೀಲ್ಕೆ. ಕೊನೆಯ ವರ್ಷದಲ್ಲಿ ಅಲ್ಲಿ ಸುಮಾರು 91,000 ಜನ ಸಂಬಳದ ನೌಕರರು. ಅವರ ಜೊತೆಗೆ ಸುಮಾರು 1,89,000 ಗುಟ್ಟಿನ ಮಾಹಿತಿದಾರರು. ದೇಶದ ಜನಸಂಖ್ಯೆ ಒಂದು ಕೋಟಿ ಅರವತ್ತು ಲಕ್ಷದ ಆಸುಪಾಸು. ಲೆಕ್ಕ ಹಾಕಿ ನೋಡಿ. ಹತ್ತಿರ ಹತ್ತಿರ ಅರವತ್ತು ಜನಕ್ಕೆ ಒಬ್ಬ. ಅವರು ಬಿಟ್ಟುಹೋದ ಕಡತಗಳನ್ನು ಸಾಲಾಗಿ ನಿಲ್ಲಿಸಿದರೆ 111 ಕಿಲೋಮೀಟರ್ ಆಗುತ್ತದೆ.

ಫೋನ್ ಕದ್ದಾಲಿಕೆ ಅಂದರೆ ನಮಗೆ ತಕ್ಷಣ ನೆನಪಾಗುವುದು 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದು. ನಮ್ಮಲ್ಲಿ ಅದು ಹಗರಣ. ಪತ್ರಿಕೆಗಳಲ್ಲಿ ಬಂತು, ಕುರ್ಚಿ ಹೋಯಿತು. ಅಲ್ಲಿ ಅದೊಂದು ಮಾಮೂಲಿ ಕಚೇರಿ ಕೆಲಸ. ಫೋನ್ ಮತ್ತು ಕೋಣೆಗಳನ್ನು ಕದ್ದು ಕೇಳಲು 26ನೇ ವಿಭಾಗ. ಅಂಚೆ ಒಡೆದು ಓದಲು ‘ಎಂ’ ವಿಭಾಗ. ಹಬೆ ಹಿಡಿದು ಲಕೋಟೆ ಬಿಚ್ಚಿ, ಓದಿ, ಮತ್ತೆ ಅಂಟಿಸಿ ಕಳಿಸುವುದೇ ಅವರ ದಿನದ ಡ್ಯೂಟಿ. ಸಾಹಿತಿಗಳು, ಕಲಾವಿದರು, ಚರ್ಚಿನವರು ಎಲ್ಲ 20ನೇ ಮುಖ್ಯ ವಿಭಾಗಕ್ಕೆ ಸೇರಿದವರು. ಚಿತ್ರದಲ್ಲಿ ವೀಸ್ಲರ್‌ನ ಗುಟ್ಟಿನ ಹೆಸರು ‘ಎಚ್‌ಜಿಡಬ್ಲ್ಯೂ ಇಪ್ಪತ್ತು ಭಾಗಿಸು ಏಳು’ ಎಂದು ಬರುತ್ತದೆ. ಮೊದಲ ಮೂರು ಅಕ್ಷರ ಅವನ ಹುದ್ದೆ ಮತ್ತು ಹೆಸರಿನವು. ಆ ಇಪ್ಪತ್ತು ಇದೇ ವಿಭಾಗ. ಏಳು ಅಂದರೆ ಅದರೊಳಗೆ ಸಂಸ್ಕೃತಿ ನೋಡಿಕೊಳ್ಳುವ ಶಾಖೆ. ಇಂಥ ಸಣ್ಣ ವಿವರಗಳಲ್ಲಿ ಚಿತ್ರ ತುಂಬಾ ನಿಖರ. ಶುರುವಿನಲ್ಲಿ ವಿಚಾರಣೆಗೆ ಕೂತವನ ಕುರ್ಚಿಯ ಬಟ್ಟೆಯನ್ನು ತೆಗೆದು ಗಾಜಿನ ಜಾಡಿಯಲ್ಲಿ ಮುಚ್ಚಿಡುತ್ತಾರೆ. ನಾಯಿಗಳಿಗೆ ವಾಸನೆ ಹಿಡಿಸಲು. ನೋಡಿದರೆ ಚಿತ್ರಕಥೆಗಾರನ ಕಲ್ಪನೆ ಅನ್ನಿಸುತ್ತದೆ. ಸ್ಟಾಸಿ ನಿಜವಾಗಿಯೂ ಹಾಗೆ ಮಾಡುತ್ತಿತ್ತು.

ಈಗ ಎದುರು ಮನೆಯ ಹೆಂಗಸಿನ ವಿಷಯಕ್ಕೆ ಬರೋಣ. ಡ್ರೈಮಾನ್ ಮನೆಯಲ್ಲಿ ಇಲ್ಲದಾಗ ಸ್ಟಾಸಿಯವರು ಒಳಗೆ ನುಗ್ಗಿ ತಂತಿ ಎಳೆಯುತ್ತಾರೆ. ಎದುರು ಬಾಗಿಲಿನ ಸಣ್ಣ ಕಿಂಡಿಯಿಂದ ಆಕೆ ಅದನ್ನು ನೋಡಿಬಿಡುತ್ತಾಳೆ. ವೀಸ್ಲರ್‌ಗೆ ಅದು ಗೊತ್ತಾಗುತ್ತದೆ. ಬಾಗಿಲು ತಟ್ಟುತ್ತಾನೆ. ಕೂಗಾಡುವುದಿಲ್ಲ. ಒಂದು ಮಾತು ಹೊರಗೆ ಬಿದ್ದರೂ ನಿಮ್ಮ ಮಗಳ ಮೆಡಿಕಲ್ ಸೀಟು ಹೋಗುತ್ತದೆ ಎಂದು ಹೇಳುತ್ತಾನೆ, ಅಷ್ಟೇ. ಆಮೇಲೆ ಸಹಕರಿಸಿದ್ದಕ್ಕೆ ಆಕೆಗೊಂದು ಉಡುಗೊರೆ ಕಳಿಸಿ ಎಂದು ಸಿಬ್ಬಂದಿಗೆ ಹೇಳುತ್ತಾನೆ. ಬೆದರಿಕೆಗಿಂತ ಆ ಉಡುಗೊರೆ ಜಾಸ್ತಿ ಭಯ ಹುಟ್ಟಿಸುತ್ತದೆ. ಆ ಕ್ಷಣದಿಂದ ಆಕೆಯೂ ಅವರ ಪೈಕಿ ಆದಳು.

ಸ್ವಲ್ಪ ಹೊತ್ತಿನ ನಂತರ ಡ್ರೈಮಾನ್‌ನ ಹುಟ್ಟುಹಬ್ಬ. ಟೈ ಕಟ್ಟಲು ಅವನಿಗೆ ಬರುವುದಿಲ್ಲ. ಮೆಟ್ಟಿಲು ಹತ್ತಿ ಬಂದ ಇದೇ ಹೆಂಗಸನ್ನು ಕರೆದು ಕಟ್ಟಿಸಿಕೊಳ್ಳುತ್ತಾನೆ. ಒಂದು ಗುಟ್ಟು ಕಾಪಾಡುತ್ತೀರಾ ಎಂದು ತಮಾಷೆಗೆ ಕೇಳುತ್ತಾನೆ. ಅವನು ಹೇಳುವುದು ಟೈ ವಿಷಯ. ಆಕೆಯ ಮುಖ ನೋಡಿ. ಇಡೀ ಚಿತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ದೃಶ್ಯ ಇದು. ಹತ್ತಿರ ನಿಂತು ಕೊರಳಿಗೆ ಗಂಟು ಹಾಕುವಷ್ಟು ಸಲಿಗೆ. ಆದರೂ ಬಾಯಿ ಬಿಡುವ ಹಾಗಿಲ್ಲ. ನೀವು ಕೇಳಿದ ‘ಸಾಮಾನ್ಯ ಜನ ಹೇಗೆ ಬದುಕಿದರು’ ಎಂಬುದಕ್ಕೆ ಉತ್ತರ ಆ ಒಂದು ನಿಮಿಷದಲ್ಲಿದೆ.

ಕ್ಯಾಂಟೀನ್ ದೃಶ್ಯವನ್ನೂ ಗಮನಿಸಿ. ಸ್ಟಾಸಿಯದೇ ಕ್ಯಾಂಟೀನ್. ಒಬ್ಬ ಕಿರಿಯ ಹುಡುಗ ದೇಶದ ಮುಖ್ಯಸ್ಥ ಹೊನೆಕರ್ ಮೇಲೆ ಜೋಕ್ ಹೇಳುತ್ತಿರುತ್ತಾನೆ. ಪಕ್ಕದಲ್ಲೇ ಮೇಲಧಿಕಾರಿ. ‘ಮುಂದುವರಿಸಪ್ಪಾ’ ಎನ್ನುತ್ತಾನೆ. ಹುಡುಗ ಮುಗಿಸುತ್ತಾನೆ. ಅಧಿಕಾರಿ ಹೆಸರು, ಹುದ್ದೆ, ವಿಭಾಗ ಕೇಳುತ್ತಾನೆ. ಮೇಜಿನಲ್ಲಿ ಮೌನ. ಆಮೇಲೆ ಅಧಿಕಾರಿ ಹೋ ಎಂದು ನಗುತ್ತಾನೆ, ತಾನೂ ಒಂದು ಜೋಕ್ ಹೇಳುತ್ತಾನೆ. ತಮಾಷೆಯೋ ಅಲ್ಲವೋ ನಮಗೂ ಗೊತ್ತಾಗುವುದಿಲ್ಲ. ಅದೇ ಹುಡುಗ ಚಿತ್ರದ ಕೊನೆಯ ಭಾಗದಲ್ಲಿ ಎಲ್ಲಿ ಕೂತಿದ್ದಾನೆ ಎಂದು ಹುಡುಕಿ. ಬಹಳ ಜನ ಅದನ್ನು ನೋಡದೇ ದಾಟಿಬಿಡುತ್ತಾರೆ.

ಲಿಫ್ಟ್‌ನಲ್ಲಿ ಚೆಂಡು ಹಿಡಿದ ಪುಟ್ಟ ಹುಡುಗನ ದೃಶ್ಯವೂ ಇದೆ. ಅದನ್ನು ನಾನು ಹೇಳಿದರೆ ಅದರ ರುಚಿ ಹೋಗುತ್ತದೆ.

ಇಷ್ಟು ಹೊಗಳಿ ನಾಯಕನನ್ನು, ಅಂದರೆ ವೀಸ್ಲರ್‌ನನ್ನು, ನಂಬಬೇಡಿ ಎಂದೆನಲ್ಲ, ಅದಕ್ಕೆ ಕಾರಣ ಇದೆ. ಬರ್ಲಿನ್‌ನ ಹೊಹೆನ್‌ಷೋನ್‌ಹೌಸೆನ್‌ನಲ್ಲಿ ಸ್ಟಾಸಿಯ ಜೈಲಿತ್ತು. ಈಗ ಅದು ಸ್ಮಾರಕ. ನಿರ್ದೇಶಕ ಫ್ಲೋರಿಯಾನ್ ಹೆಂಕೆಲ್ ಫಾನ್ ಡೊನರ್ಸ್‌ಮಾರ್ಕ್ ಅಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೇಳಿದ. ಸ್ಮಾರಕದ ಮುಖ್ಯಸ್ಥ ಹುಬರ್ಟಸ್ ಕ್ನಾಬೆ ಕೊಡಲಿಲ್ಲ. ಸ್ಟಾಸಿ ಅಧಿಕಾರಿಯನ್ನು ಹೀರೋ ಮಾಡಿದ್ದೀರಿ, ಅಂಥ ಅಧಿಕಾರಿ ಒಬ್ಬನೂ ಇರಲಿಲ್ಲ ಎಂಬುದು ಅವರ ವಾದ. ಪೂರ್ವ ಜರ್ಮನಿಯವರ ಅನುಭವಗಳನ್ನು ಕೇಳಿ ಪುಸ್ತಕ ಬರೆದ ಆಸ್ಟ್ರೇಲಿಯಾದ ಲೇಖಕಿ ಅನಾ ಫಂಡರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಂಥವನು ಇರಲು ಸಾಧ್ಯವೇ ಇರಲಿಲ್ಲ ಎಂದರು. ಸ್ಟಾಸಿಯಲ್ಲಿ ಕೆಲಸವನ್ನು ತುಂಡು ತುಂಡು ಮಾಡಿ ಹಂಚಿದ್ದರು. ಕೇಳುವವನು ಒಬ್ಬ, ಪ್ರಕರಣ ನಡೆಸುವವನು ಇನ್ನೊಬ್ಬ, ಅವರ ಮೇಲೆ ಕಣ್ಣಿಡಲು ಬೇರೆಯವರು. ಒಬ್ಬನೇ ಕೂತು ಎಲ್ಲವನ್ನೂ ಮುಚ್ಚಿಹಾಕುವ ಅವಕಾಶವೇ ಅಲ್ಲಿ ಇರಲಿಲ್ಲ.

ಒಳಗಿದ್ದು ಅಲುಗಾಡಿದವರಿಗೆ ಏನಾಯಿತು ಎಂಬುದಕ್ಕೂ ಉದಾಹರಣೆ ಇದೆ. ವೆರ್ನರ್ ಟೆಸ್ಕೆ. ಸ್ಟಾಸಿಯ ವಿದೇಶಿ ಗೂಢಚಾರ ವಿಭಾಗದಲ್ಲಿ ವೀಸ್ಲರ್‌ನಂತೆ ಕ್ಯಾಪ್ಟನ್. ಪಶ್ಚಿಮಕ್ಕೆ ಓಡಿಹೋಗುವ ಯೋಚನೆಯಲ್ಲಿ ಕಡತಗಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದ. ಓಡಿಹೋಗಲಿಲ್ಲ. ಕಡತ ಯಾರಿಗೂ ಕೊಡಲೂ ಇಲ್ಲ. 1981ರ ಜೂನ್‌ನಲ್ಲಿ ಲೈಪ್‌ಜಿಗ್‌ನಲ್ಲಿ ಹಿಂದಿನಿಂದ ತಲೆಗೆ ಗುಂಡಿಟ್ಟು ಕೊಂದರು. ಪೂರ್ವ ಜರ್ಮನಿಯಲ್ಲಿ ಜಾರಿಯಾದ ಕೊನೆಯ ಮರಣದಂಡನೆ ಅದು. ವೀಸ್ಲರ್ ಅಟ್ಟದಲ್ಲಿ ಕೂತು ಕಣ್ಣೀರು ಹಾಕುವುದು ಅದಾಗಿ ಬರೀ ಮೂರು ವರ್ಷಕ್ಕೆ. ಟೆಸ್ಕೆಯ ಕಥೆ ನೆನಪಿಟ್ಟುಕೊಂಡು ಈ ಚಿತ್ರದ ಎರಡನೇ ಅರ್ಧ ನೋಡಿ. ನಿರ್ದೇಶಕ ಎಷ್ಟು ಮೆದುವಾಗಿ ಹೋಗಿದ್ದಾನೆ ಎಂದು ಗೊತ್ತಾಗುತ್ತದೆ.

ನಿಮ್ಮ ಅಪ್ಪನಿಗೆ ಇದನ್ನು ಮೊದಲೇ ಹೇಳಿಬಿಡಿ. ಚಿತ್ರದ ಮೇಲೆ ಬಂದ ದೊಡ್ಡ ಆರೋಪ ಅವರು ಹೇಳುವುದಕ್ಕೆ ಪೂರ್ತಿ ಉಲ್ಟಾ. ಕಮ್ಯುನಿಸ್ಟರನ್ನು ಕೆಟ್ಟವರಾಗಿ ತೋರಿಸಿದ್ದಾರೆ ಎಂದಲ್ಲ, ತೀರಾ ಒಳ್ಳೆಯವರಾಗಿ ತೋರಿಸಿದ್ದಾರೆ ಎಂದು. ಅವರಿಗೆ ಕುತೂಹಲ ಹುಟ್ಟುವ ಇನ್ನೊಂದು ಸಂಗತಿಯೂ ಇದೆ. ಈ ಚಿತ್ರದ ಬೀಜ ಲೆನಿನ್‌ನ ಒಂದು ಮಾತು. ಬೀಥೋವನ್‌ನ ‘ಅಪ್ಪಾಸಿಯೋನಾಟಾ’ ಎಂಬ ಪಿಯಾನೋ ಸಂಗೀತವನ್ನು ಜಾಸ್ತಿ ಕೇಳಲಾಗದು, ಕೇಳಿದರೆ ಜನರ ತಲೆ ಸವರಬೇಕು ಅನ್ನಿಸುತ್ತದೆ, ಈಗ ತಲೆಗೆ ಹೊಡೆಯಬೇಕಾದ ಕಾಲ ಎಂಬರ್ಥದಲ್ಲಿ ಲೆನಿನ್ ಹೇಳಿದ್ದನ್ನು ಗಾರ್ಕಿ ಬರೆದಿಟ್ಟಿದ್ದಾನೆ. ಹಾಗಾದರೆ ಲೆನಿನ್‌ನಂಥವನೊಬ್ಬನನ್ನು ಕೂರಿಸಿ ಆ ಸಂಗೀತ ಕೇಳಿಸಿಯೇ ಬಿಟ್ಟರೆ ಏನಾಗುತ್ತದೆ ಎಂದು ನಿರ್ದೇಶಕ ಯೋಚಿಸಿದ. ಅಲ್ಲಿಂದ ಹುಟ್ಟಿದವನು ಹೆಡ್‌ಫೋನ್ ಹಾಕಿಕೊಂಡ ವೀಸ್ಲರ್. ನವಕರ್ನಾಟಕದ ಮಳಿಗೆಯಲ್ಲಿ ಅಗ್ಗದ ಸೋವಿಯತ್ ಪುಸ್ತಕ ಕೊಂಡು ಗಾರ್ಕಿ ಓದಿದ ತಲೆಮಾರಿನವರಲ್ಲವಾ ನಿಮ್ಮ ಅಪ್ಪ? ಈ ಕೊಂಡಿ ಅವರಿಗೆ ಹಿಡಿಸಬಹುದು.

ಹಾಗಾಗಿ ವೀಸ್ಲರ್‌ನನ್ನು ಇತಿಹಾಸ ಅಂತ ನೋಡಬೇಡಿ, ಒಂದು ಕಥೆ ಅಂತ ನೋಡಿ. ಅವನ ಸುತ್ತ ಇರುವುದೆಲ್ಲ ಇತಿಹಾಸ. ಆ ಪಾತ್ರ ಮಾಡಿದ ಉಲ್ರಿಶ್ ಮ್ಯೂಹೆ ಮಾತ್ರ ಅಪ್ಪಟ ಪೂರ್ವ ಜರ್ಮನಿಯವನು. ಪೂರ್ವ ಬರ್ಲಿನ್‌ನ ರಂಗಭೂಮಿಯ ದೊಡ್ಡ ನಟ. ಯೌವನದಲ್ಲಿ ಸೈನ್ಯದ ಕಡ್ಡಾಯ ಸೇವೆಗೆ ಹೋದಾಗ ಬರ್ಲಿನ್ ಗೋಡೆಯ ಕಾವಲಿಗೆ ನಿಂತಿದ್ದವನು. 1989ರ ನವೆಂಬರ್ 4ರಂದು ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದಲ್ಲಿ ಲಕ್ಷಾಂತರ ಜನ ಸೇರಿದ ಸಭೆಯ ವೇದಿಕೆಯಲ್ಲಿ ಮಾತಾಡಿದವರಲ್ಲಿ ಅವನೂ ಒಬ್ಬ. ಗೋಡೆ ಬಿದ್ದಿದ್ದು ಅದಾಗಿ ಐದೇ ದಿನಕ್ಕೆ. ಈ ಪಾತ್ರಕ್ಕೆ ಹೇಗೆ ತಯಾರಿ ಮಾಡಿದಿರಿ ಎಂದು ಕೇಳಿದರೆ, ‘ನೆನಪು ಮಾಡಿಕೊಂಡೆ’ ಎಂದನಂತೆ. ಆಸ್ಕರ್ ಬಂದ ವರ್ಷವೇ, 2007ರ ಜುಲೈನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡ. ಚಿತ್ರದಲ್ಲಿ ಅವನು ಮುಖ ಅಲುಗಿಸುವುದೇ ಇಲ್ಲ ಅನ್ನಬಹುದು. ಆದರೂ ಎಲ್ಲ ಗೊತ್ತಾಗುತ್ತದೆ.

ಚಿತ್ರದಲ್ಲಿ ಇನ್ನೊಂದು ದೊಡ್ಡ ಕೊರತೆ ಇದೆ, ಅದರ ಬಗ್ಗೆ ಚರ್ಚೆ ಕಡಿಮೆ. ಇಲ್ಲಿ ಕೇಳುವವನು ಮೇಲೆ, ಕೇಳಿಸಿಕೊಳ್ಳುವವರು ಕೆಳಗೆ. ನಡುವೆ ತಂತಿ. ನಿಜದಲ್ಲಿ ಸ್ಟಾಸಿಗೆ ತಂತಿಗಿಂತ ಮನುಷ್ಯರೇ ಜಾಸ್ತಿ ಉಪಯೋಗಕ್ಕೆ ಬಂದರು. ಮೈಕ್ ಕೂರಿಸುವುದು ಖರ್ಚಿನ ಕೆಲಸ. ಗೆಳೆಯನನ್ನೇ ಒಪ್ಪಿಸಿದರೆ ಅವನು ಬಂದು ಕಾಫಿ ಕುಡಿದು ಎಲ್ಲ ಕೇಳಿಕೊಂಡು ಹೋಗುತ್ತಾನೆ. 1992ರ ಜನವರಿಯಲ್ಲಿ ಕಡತಗಳನ್ನು ಜನರಿಗೆ ತೆರೆದರು. ಯಾರು ಬೇಕಾದರೂ ತಮ್ಮ ಕಡತ ಕೇಳಿ ಓದಬಹುದಾಯಿತು. ಆಗ ಬಿದ್ದ ಪೆಟ್ಟೇ ಬೇರೆ. ಹೋರಾಟಗಾರ್ತಿ ವೆರಾ ವೋಲನ್‌ಬೆರ್ಗರ್‌ಗೆ ತನ್ನ ಬಗ್ಗೆ ವರದಿ ಕೊಡುತ್ತಿದ್ದವನು ಸ್ವಂತ ಗಂಡ ಎಂದು ಗೊತ್ತಾಯಿತು. ಸರ್ಕಾರದ ಕಣ್ಣು ತಪ್ಪಿಸಿ ಬರೆಯುತ್ತಿದ್ದ ಬರ್ಲಿನ್‌ನ ಯುವ ಕವಿಗಳ ಗುಂಪಿಗೆ ನಡುಗಂಬದಂತಿದ್ದ ಸಾಶಾ ಆಂಡರ್‌ಸನ್ ಕೂಡ ಮಾಹಿತಿದಾರನೇ ಆಗಿದ್ದ. ಮೈಕ್ ಸಿಕ್ಕರೆ ಕಿತ್ತು ಬಿಸಾಡಬಹುದು. ಗಂಡನನ್ನು ಏನು ಮಾಡುವುದು?

ಈ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಂಡ ಚಿತ್ರ ‘ಗುಂಡರ್‌ಮನ್’. 2018ರದ್ದು. ನಿಮ್ಮ ಅಪ್ಪನಿಗೆ ನಿಜವಾಗಿ ಹೊಂದುವ ಸಿನಿಮಾ ಇದೇ ಅಂತ ನನ್ನ ಅಂದಾಜು. ನಿರ್ದೇಶಕ ಆಂಡ್ರಿಯಾಸ್ ಡ್ರೆಸನ್ ಪೂರ್ವ ಜರ್ಮನಿಯಲ್ಲೇ ಹುಟ್ಟಿ ಬೆಳೆದವನು. ಆ ದೇಶವನ್ನು ಬರೀ ಜೈಲು ಅಂತ ನೋಡುವವನಲ್ಲ. ಗೆರ್‌ಹಾರ್ಡ್ ಗುಂಡರ್‌ಮನ್ ನಿಜವಾಗಿ ಬದುಕಿದ್ದ ಹಾಡುಗಾರ. ಹಗಲು ರಾತ್ರಿ ಪಾಳಿಯಲ್ಲಿ ಕಲ್ಲಿದ್ದಲು ಗಣಿಯಲ್ಲಿ ದೈತ್ಯ ಯಂತ್ರ ಓಡಿಸುವವನು, ಬಿಡುವಿನಲ್ಲಿ ಹಾಡು ಕಟ್ಟುವವನು. ಹೆಸರು ಬಂದ ಮೇಲೂ ಗಣಿ ಬಿಡಲಿಲ್ಲ. ಸಮಾಜವಾದವನ್ನು ಮನಸಾರೆ ನಂಬಿದವನು. ನಂಬಿದ್ದಕ್ಕೇ ಮೇಲಿನವರ ಜೊತೆ ಜಗಳವಾಡುವವನು. ಗಣಿಯ ಸುರಕ್ಷತೆ ಸರಿಯಿಲ್ಲ ಎಂದು ಪಕ್ಷದ ದೊಡ್ಡವರ ಮುಂದೆಯೇ ಹೇಳುವವನು. ಕೊನೆಗೆ ಪಕ್ಷವೇ ಅವನನ್ನು ಹೊರಗೆ ಹಾಕಿತು.

ಇದೇ ಮನುಷ್ಯ ಸ್ಟಾಸಿಗೆ ಮಾಹಿತಿದಾರನೂ ಆಗಿದ್ದ. ಆಮೇಲೆ ಸ್ಟಾಸಿಯೇ ಅವನ ಹಿಂದೆ ಬಿತ್ತು. ಗೋಡೆ ಬಿದ್ದ ಮೇಲೆ, ತನ್ನ ಮೇಲೆ ಕಣ್ಣಿಟ್ಟಿದ್ದ ಕಡತ ನೋಡಬೇಕು ಎಂದು ಚಿತ್ರದಲ್ಲಿ ಹೋಗುತ್ತಾನೆ. ಅದು ಸಿಗುವುದಿಲ್ಲ. ಅವನು ಬೇರೆಯವರ ಮೇಲೆ ಕೊಟ್ಟ ವರದಿಗಳ ಕಡತ ಸಿಗುತ್ತದೆ, ದಪ್ಪಗೆ. ಅದರಲ್ಲಿ ಅರ್ಧ ಅವನಿಗೇ ನೆನಪಿಲ್ಲ. ಕ್ಷಮೆ ಕೇಳಲು ಹೋದರೆ ಸರಿಯಾಗಿ ಕೇಳಲೂ ಬರುವುದಿಲ್ಲ. ಸಮರ್ಥನೆ ಹೇಳುತ್ತಾನೆ, ತಡವರಿಸುತ್ತಾನೆ, ಮತ್ತೆ ಹಾಡುತ್ತಾನೆ. ಚಿತ್ರ ಅವನಿಗೆ ಛೀಮಾರಿ ಹಾಕುವುದಿಲ್ಲ, ಬಿಟ್ಟೂ ಬಿಡುವುದಿಲ್ಲ. ಅಲೆಕ್ಸಾಂಡರ್ ಶೇರ್ ಎಂಬ ನಟ ಹಾಡುಗಳನ್ನೂ ತಾನೇ ಹಾಡಿದ್ದಾನೆ. ಸಂಘದ ಕೆಲಸ, ಪಾಳಿ, ಸಭೆ, ಮೇಲಿನವರ ಜೊತೆ ವಾದ ಇವೆಲ್ಲ ಗೊತ್ತಿರುವವರಿಗೆ ಈ ಚಿತ್ರ ಪರಕೀಯ ಅನ್ನಿಸುವುದಿಲ್ಲ.

ಅಮೆರಿಕದ ಪ್ರಚಾರ ಎಂಬ ಮಾತಿಗೆ ಜಾಗವೇ ಇಲ್ಲದ ಚಿತ್ರ ಇನ್ನೊಂದಿದೆ. ‘ದಿ ಇಯರ್’, ಅಂದರೆ ‘ಕಿವಿ’. ಚೆಕ್ ಭಾಷೆಯಲ್ಲಿ ‘ಉಖೊ’. ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲೇ, ಅಲ್ಲಿನ ಸರ್ಕಾರಿ ಸ್ಟುಡಿಯೋದಲ್ಲೇ ತಯಾರಾಗಿದ್ದು. ನಿರ್ದೇಶಕ ಕರೆಲ್ ಕಾಖಿನ್ಯಾ. ಬರೆದವನು ಯಾನ್ ಪ್ರೊಖಾಜ್ಕಾ, ಒಂದು ಕಾಲದಲ್ಲಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯಲ್ಲಿ ಅಭ್ಯರ್ಥಿ ಸದಸ್ಯ, ಅಂದರೆ ಮತದ ಹಕ್ಕಿಲ್ಲದ ಸದಸ್ಯ. ಒಳಗಿನವನೇ ಬರೆದಿದ್ದು. 1970ರಲ್ಲಿ ಚಿತ್ರ ಮುಗಿಯಿತು, ತಕ್ಷಣ ಬೀಗ ಬಿತ್ತು. ಜನ ನೋಡಿದ್ದು 1990ರಲ್ಲಿ.

ಕಥೆ ಒಂದೇ ರಾತ್ರಿಯದು. ಒಬ್ಬ ಉಪಮಂತ್ರಿ ಮತ್ತು ಅವನ ಹೆಂಡತಿ ಸರ್ಕಾರಿ ಪಾರ್ಟಿ ಮುಗಿಸಿ ಕುಡಿದು ಮನೆಗೆ ಬರುತ್ತಾರೆ. ಗೇಟು ತೆರೆದಿದೆ. ಬೀಗದ ಕೈ ಇಲ್ಲ. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ದೀಪ, ಇವರ ಮನೆಯಲ್ಲಿ ಮಾತ್ರ ಇಲ್ಲ. ಫೋನ್ ಸತ್ತಿದೆ. ಮಂತ್ರಿಯನ್ನು ಹಿಡಿದುಕೊಂಡು ಹೋಗಿದ್ದಾರೆ ಎಂದು ಪಾರ್ಟಿಯಲ್ಲಿ ಸುದ್ದಿ ಸಿಕ್ಕಿದೆ. ಮುಂದಿನ ಸರದಿ ತನ್ನದೇ? ಗಂಡ ಕಾಗದಪತ್ರ ಸುಟ್ಟು ಶೌಚಾಲಯಕ್ಕೆ ಹಾಕಿ ನೀರು ಬಿಡುತ್ತಾನೆ. ಹೆಂಡತಿಗೆ ಸಿಟ್ಟು ಬೇರೆ ಕಾರಣಕ್ಕೆ: ಇವತ್ತು ಮದುವೆಯ ವಾರ್ಷಿಕೋತ್ಸವ, ಗಂಡ ಮರೆತಿದ್ದಾನೆ. ಅಡುಗೆಮನೆ, ಬಚ್ಚಲಲ್ಲಿ ಮೈಕ್ ಇರುವುದಿಲ್ಲ ಎಂದು ಅವರ ನಂಬಿಕೆ. ಜಗಳವನ್ನೂ ಅಲ್ಲಿಗೆ ಹೋಗಿ ಆಡುತ್ತಾರೆ! ಗಂಡ ಹೆಂಡತಿ ಜಗಳದ ಚಿತ್ರವಾಗಿಯೂ ಇದು ಅದ್ಭುತ. ಮೈಕ್ ಕಣ್ಣಿಗೆ ಕಾಣದೆಯೇ ಮಾತನ್ನು ಹೇಗೆ ಕೆಡಿಸುತ್ತದೆ ಎಂದು ತೋರಿಸುವುದರಲ್ಲಿ ಜರ್ಮನ್ ಚಿತ್ರಕ್ಕಿಂತ ಇದು ಒಂದು ಕೈ ಮೇಲು.

ಬರೆದವನಿಗೆ ಏನಾಯಿತು ಗೊತ್ತಾ? ಪ್ರೊಖಾಜ್ಕಾ ತನ್ನ ಸ್ನೇಹಿತ ಪ್ರೊಫೆಸರ್ ಒಬ್ಬರ ಜೊತೆ ಖಾಸಗಿಯಾಗಿ ಆಡಿದ ಮಾತುಗಳನ್ನು ಪೊಲೀಸರು ಕದ್ದು ರೆಕಾರ್ಡ್ ಮಾಡಿದ್ದರು. 1970ರಲ್ಲೇ ಅದನ್ನು ಕತ್ತರಿಸಿ ಜೋಡಿಸಿ ಸರ್ಕಾರಿ ಟಿವಿಯಲ್ಲಿ ಹಾಕಿದರು. ಹೆಸರು ಕೆಡಿಸಲು. ಮುಂದಿನ ವರ್ಷ ಅವನು ಸತ್ತ.

ಕ್ರಿಸ್ಟಿಯಾನ್ ಪೆಟ್ಸೋಲ್ಡ್‌ನ ‘ಬಾರ್ಬರಾ’ (2012) ಕೂಡ ನನಗೆ ತುಂಬಾ ಇಷ್ಟ. ದೇಶ ಬಿಡಲು ಅರ್ಜಿ ಹಾಕಿದ ತಪ್ಪಿಗೆ ಬರ್ಲಿನ್‌ನಿಂದ ಹಳ್ಳಿ ಕಡೆಯ ಆಸ್ಪತ್ರೆಗೆ ಎತ್ತಂಗಡಿಯಾದ ಡಾಕ್ಟರ್ ಒಬ್ಬಳ ಕಥೆ. ಜೊತೆಯಲ್ಲಿ ಕೆಲಸ ಮಾಡುವ ಡಾಕ್ಟರ್ ಒಳ್ಳೆಯವನೋ, ವರದಿ ಬರೆಯುವವನೋ? ಅವಳಿಗೆ ಗೊತ್ತಿಲ್ಲ. ಬಣ್ಣ, ಗಾಳಿ, ಬಿಸಿಲು ಎಲ್ಲ ಇದೆ. ಕಮ್ಯುನಿಸ್ಟ್ ದೇಶ ಅಂದರೆ ಬೂದು ಬಣ್ಣ ಎಂಬ ರೂಢಿಯನ್ನು ಪೆಟ್ಸೋಲ್ಡ್ ಬೇಕೆಂದೇ ಮುರಿದಿದ್ದಾನೆ. ನಿಧಾನದ ಚಿತ್ರ, ತಾಳ್ಮೆ ಬೇಕು. ‘ಗುಡ್ ಬೈ ಲೆನಿನ್’ ನೋಡಿ ಎಂದು ಯಾರಾದರೂ ಹೇಳಬಹುದು. ಒಳ್ಳೆಯ ಹಾಸ್ಯಚಿತ್ರ, ಖಂಡಿತ ನೋಡಿ. ಆದರೆ ನೀವು ಕೇಳಿದ ವಿಷಯ ಅದರಲ್ಲಿ ಕಡಿಮೆ.

ಅಪ್ಪನ ಜೊತೆ ನೋಡುತ್ತೀರಿ ಅಂದಿದ್ದಕ್ಕೆ ಒಂದು ಎಚ್ಚರಿಕೆ. ‘ದಿ ಲೈವ್ಸ್ ಆಫ್ ಅದರ್ಸ್’ನಲ್ಲಿ ಬೆತ್ತಲೆ ದೃಶ್ಯಗಳಿವೆ. ಕಾರಿನೊಳಗೆ ಮಂತ್ರಿ ನಟಿಯ ಮೇಲೆ ಬಲವಂತ ಮಾಡುವ ದೃಶ್ಯವೂ ಇದೆ. ಕಥೆಗೆ ಬೇಕಾದವೇ, ಸುಮ್ನೆ ಹಾಕಿದ್ದಲ್ಲ. ಆದರೆ ಮನೆಯವರೆಲ್ಲ ಕೂತಾಗ ಮುಜುಗರ ಆಗಬಹುದು. ಮೊದಲು ನೀವೊಬ್ಬರೇ ನೋಡಿಬಿಡಿ. ಎರಡು ಗಂಟೆ ಹದಿನೇಳು ನಿಮಿಷದ ಚಿತ್ರ. ಇಂಗ್ಲಿಷ್‌ಗೆ ಡಬ್ ಆಗಿದ್ದು ಸಿಕ್ಕರೂ ಬೇಡ, ಜರ್ಮನ್ ಮಾತು ಇಟ್ಟುಕೊಂಡು ಸಬ್‌ಟೈಟಲ್‌ನಲ್ಲಿ ನೋಡಿ. ಮ್ಯೂಹೆಯ ಧ್ವನಿ ತಪ್ಪಿದರೆ ಪಾತ್ರದ ಅರ್ಧ ಹೋಯಿತು.

ಅಪ್ಪನ ಜೊತೆ ಶುರು ಮಾಡುವುದಾದರೆ ‘ದಿ ಇಯರ್’ನಿಂದ ಮಾಡಿ. ಒಂದೂವರೆ ಗಂಟೆ, ಕಪ್ಪು ಬಿಳುಪು. ಇದನ್ನು ಬರೆದವನೂ ಕಮ್ಯುನಿಸ್ಟ್ ಪಕ್ಷದವನೇ, ಬೀಗ ಹಾಕಿದವರೂ ಅದೇ ಪಕ್ಷದವರು ಎಂದು ಮೊದಲೇ ಹೇಳಿ. ಎದ್ದು ಹೋಗಲಾರರು. ಆಮೇಲೆ ‘ಗುಂಡರ್‌ಮನ್’ ಹಾಕಿ. ಅದು ಬೇಗ ಸಿಗದಿದ್ದರೆ ‘ಬಾರ್ಬರಾ’. ಜರ್ಮನ್ ಚಿತ್ರಗಳ ಬಗ್ಗೆ ವಿಚಾರಿಸಲು ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನ ಒಳ್ಳೆಯ ಜಾಗ. ‘ಗುಂಡರ್‌ಮನ್’ ಮುಗಿದ ಮೇಲೆ ಅಪ್ಪ ಏನು ಹೇಳಿದರು ಅಂತ ನನಗೂ ಒಂದು ಸಾಲು ಬರೆಯಿರಿ. ಸಂಘದಲ್ಲಿ ಓಡಾಡಿದವರು ಆ ಮನುಷ್ಯನನ್ನು ಹೇಗೆ ನೋಡುತ್ತಾರೆ ಎಂಬ ಕುತೂಹಲ ನನಗಿದೆ.